ನೀತಿ ಪಾಠ ಬರೆಯಲು ಕೂರುವ ಮೊದಲು: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಶಾಲೆಗಳಲ್ಲಿ ನೈತಿಕ ಶಿಕ್ಷಣ ಕೊಡಬೇಕು ಅನ್ನುವ ಮಾತು ಕೆಲವು ವರ್ಷಗಳಿಂದ ಜೋರಾಗಿದೆ. 2023ರ ಜನವರಿಯಲ್ಲಿ ಆಗಿನ ಸರ್ಕಾರ ಮಠಾಧೀಶರನ್ನು, ಬೇರೆ ಬೇರೆ ಧರ್ಮದ ಗುರುಗಳನ್ನು, ಶಿಕ್ಷಣ ತಜ್ಞರನ್ನು ಬೆಂಗಳೂರಿನಲ್ಲಿ ಒಟ್ಟಿಗೆ ಕೂರಿಸಿ ಸಭೆ ಮಾಡಿತ್ತು. ಆಮೇಲೆ ಸರ್ಕಾರ ಬದಲಾಯಿತು, ಮಾತು ಬದಲಾಗಲಿಲ್ಲ. ಯಾವ ಧರ್ಮದ ಪುಸ್ತಕ ಇರಬೇಕು, ಯಾವುದು ಇರಬಾರದು ಅನ್ನೋದರ ಮೇಲೇ ಜಗಳ ಜಾಸ್ತಿ. ಆ ಜಗಳಕ್ಕೆ ನಾನು ಬರೋದಿಲ್ಲ. ಪುಸ್ತಕ ಯಾವುದೇ ಆಗಲಿ, ಅದರೊಳಗಿನ ಪಾಠ ಹೇಗಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಅದನ್ನೇ ಓದಿ ಬೆಳೆದವನು ನಾನು. ಅದು ಯಾವ ಯಾವ ಕಡೆ ಕೈಕೊಟ್ಟಿತು ಅಂತ ಹೇಳುವುದಕ್ಕೆ ಈ ಪತ್ರ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್. ಎಡಕ್ಕೆ ಹೈಸ್ಕೂಲು, ಎದುರಿಗೆ ತಾಲ್ಲೂಕು ಕಚೇರಿಗೆ ಹೋಗುವ ರಸ್ತೆ. ಊರಿನ ಅರ್ಧ ಸತ್ಯ, ಅರ್ಧ ಸುಳ್ಳು ನನ್ನ ಮೆಷಿನ್ನಿನ ಗಾಜಿನ ಮೇಲೆ ಮಲಗಿ ಎದ್ದು ಹೋಗುತ್ತೆ. ಎರಡು ಅಂತಸ್ತಿನ ಮನೆಯವರು ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕಿಸುತ್ತಾರೆ. ವರ್ಷದ ಆದಾಯ 1.20 ಲಕ್ಷದೊಳಗೆ ಇರಬೇಕು, ಅದಕ್ಕೆ ಎಷ್ಟು ಬೇಕೋ ಅಷ್ಟೇ ಬರೆಸುತ್ತಾರೆ. ಸೈಟಿನ ವ್ಯವಹಾರ ಒಂದು ಬೆಲೆಗೆ ಕುದುರಿರುತ್ತೆ, ಕ್ರಯಪತ್ರದಲ್ಲಿ ಇನ್ನೊಂದು ಬೆಲೆ ಇರುತ್ತೆ. ಆ ಇನ್ನೊಂದು ಬೆಲೆ ಕೂರುವ ಇ-ಸ್ಟಾಂಪ್ ಕಾಗದದ ತಲೆಯ ಮೇಲೆ ನಾಲ್ಕು ಸಿಂಹ, ಕೆಳಗೆ 'ಸತ್ಯಮೇವ ಜಯತೇ'. ಪ್ರತಿ ಅರ್ಜಿಯ ಕೊನೆಗೂ ಒಂದು ಸಾಲು ಇದ್ದೇ ಇರುತ್ತೆ: ಮೇಲ್ಕಂಡ ವಿವರಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ. ಅದರ ಕೆಳಗೆ ಸಹಿ ಮಾಡುವಾಗ ಯಾರ ಕೈಯೂ ನಡುಗಿದ್ದು ನಾನು ನೋಡಿಲ್ಲ.

ಇವರೆಲ್ಲ ಕೆಟ್ಟವರು ಅಂತ ಹೇಳಲು ಬಂದಿಲ್ಲ. ಇವರೆಲ್ಲ ಸತ್ಯ ಹೇಳಬೇಕು ಅಂತ ಶಾಲೆಯಲ್ಲಿ ಕಲಿತವರೇ. ಕೇಳಿ ನೋಡಿ, ಇವತ್ತಿಗೂ ಪುಣ್ಯಕೋಟಿಯ ಹಾಡನ್ನು ರಾಗವಾಗಿ ಹೇಳುತ್ತಾರೆ. ಅಂದರೆ ಪಾಠ ಸಿಗಲಿಲ್ಲ ಅಂತ ಅಲ್ಲ. ಸಿಕ್ಕಿತು, ಬಾಯಿಪಾಠವೂ ಆಯಿತು. ಆಮೇಲೆ ಏನಾಯಿತು ಅನ್ನೋದೇ ನನ್ನ ಪ್ರಶ್ನೆ.

ನನಗೆ ಏನಾಯಿತು ಅಂತ ಹೇಳುತ್ತೇನೆ. ನಾನು ಓದಿದ್ದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಎರಡು ಕೋಣೆ, ಇಬ್ಬರು ಮೇಷ್ಟ್ರು. ಹಿರಿಯ ಮೇಷ್ಟ್ರು ನೀತಿ ಕಥೆ ಹೇಳುವುದರಲ್ಲಿ ಎತ್ತಿದ ಕೈ. ಶನಿವಾರ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಜಗಲಿಯಲ್ಲೇ ಕೂರಿಸಿ ಹೇಳೋರು. ಹಸು ಕರುವಿಗೆ ಕೊನೆ ಸಲ ಹಾಲು ಕೊಡುವ ಜಾಗಕ್ಕೆ ಬಂದಾಗ ಅವರ ಗಂಟಲೇ ಕಟ್ಟುತ್ತಿತ್ತು. ನಾವೆಲ್ಲ ಅಳುತ್ತಿದ್ದೆವು. ಅದು ನಾಟಕ ಅಲ್ಲ, ಅವರು ನಿಜವಾಗಿಯೂ ಅಂಥ ಮನುಷ್ಯ.

ಅದೇ ಮೇಷ್ಟ್ರು, ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ, ಹಾಜರಿ ಕರೆಯುವಾಗ ಏನು ಮಾಡಬೇಕು ಅಂತ ನಮಗೆ ಮೊದಲೇ ಹೇಳಿಕೊಟ್ಟಿರುತ್ತಿದ್ದರು. ಶಾಲೆ ಬಿಟ್ಟು ಕುರಿ ಕಾಯಲು ಹೋದವರ ಹೆಸರು, ಅಮ್ಮನ ಜೊತೆ ಕಾಫಿ ತೋಟದ ಕೂಲಿಗೆ ಮೂಡಿಗೆರೆ ಕಡೆ ಹೋದವರ ಹೆಸರು ಇನ್ನೂ ಪುಸ್ತಕದಲ್ಲಿ ಇರುತ್ತಿದ್ದವು. ಆ ಹೆಸರು ಕೂಗಿದಾಗ ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು "ಬಂದಿದ್ದೀನಿ ಸಾರ್" ಅನ್ನಬೇಕು. ನನಗೆ ಸಿಕ್ಕಿದ್ದು ನನ್ನ ಪಕ್ಕದ ಮನೆಯ ಹುಡುಗನ ಹೆಸರು. ಅವನು ಶಾಲೆಗೆ ಬರೋದು ನಿಲ್ಲಿಸಿ ಆಗಲೇ ಎಷ್ಟೋ ತಿಂಗಳಾಗಿತ್ತು. ನಾನು ಗಟ್ಟಿಯಾಗಿ "ಬಂದಿದ್ದೀನಿ ಸಾರ್" ಅಂದೆ. ಸಾಹೇಬರು ತಲೆ ಎತ್ತಲೇ ಇಲ್ಲ. ಅವರಿಗೂ ಗೊತ್ತಿತ್ತು ಅಂತ ಈಗ ಅನ್ನಿಸುತ್ತೆ.

ಮೇಷ್ಟ್ರು ಯಾಕೆ ಹಾಗೆ ಮಾಡಿದರು ಅಂತ ತಿಳಿದಿದ್ದು ದೊಡ್ಡವನಾದ ಮೇಲೆ. ಮಕ್ಕಳ ಸಂಖ್ಯೆ ಇಳಿದರೆ ಎರಡನೇ ಮೇಷ್ಟ್ರ ಹುದ್ದೆ ಬೇರೆ ಊರಿಗೆ ಹೋಗುತ್ತಿತ್ತು. ಒಬ್ಬರೇ ಮೇಷ್ಟ್ರು ಎಲ್ಲ ತರಗತಿಗೂ ಪಾಠ ಮಾಡಬೇಕಾಗುತ್ತಿತ್ತು. ಅವರು ಸುಳ್ಳು ಹೇಳಿಸಿದ್ದು ನಮ್ಮ ಸಲುವಾಗಿಯೇ. ಅದು ಸರಿಯೋ ತಪ್ಪೋ ಅಂತ ನಾನು ಇವತ್ತಿಗೂ ಒಂದು ಕಡೆ ನಿಂತು ಹೇಳಲಾರೆ. ನನ್ನ ತಕರಾರು ಆ ಸುಳ್ಳಿನ ಮೇಲೆ ಅಲ್ಲ. ಅದರ ಬಗ್ಗೆ ನಮ್ಮ ಹತ್ತಿರ ಯಾರೂ ಒಂದು ಮಾತು ಆಡಲಿಲ್ಲವಲ್ಲ, ಅದರ ಮೇಲೆ. ಶನಿವಾರದ ಜಗಲಿಗೆ ಆ ವಿಷಯ ಬರಲೇ ಇಲ್ಲ. ಅಲ್ಲಿ ಹಸು, ಹುಲಿ, ಮರ ಕಡಿಯುವವನು ಇಷ್ಟೇ. ಹೀಗೆ ನೀತಿಯಲ್ಲಿ ಎರಡು ಥರ ಇದೆ ಅಂತ ಹತ್ತು ವರ್ಷ ತುಂಬುವ ಮೊದಲೇ ನಮಗೆ ಗೊತ್ತಾಗಿಹೋಯಿತು. ಒಂದು ಹೇಳುವುದಕ್ಕೆ, ಇನ್ನೊಂದು ನಡೆಯುವುದಕ್ಕೆ.

ಮರ ಕಡಿಯುವವನ ಕಥೆ ನಿಮಗೂ ಗೊತ್ತು. ಅವನ ಕಬ್ಬಿಣದ ಕೊಡಲಿ ನೀರಿಗೆ ಬೀಳುತ್ತೆ. ದೇವತೆ ಬಂದು ಚಿನ್ನದ್ದು ತೋರಿಸುತ್ತಾಳೆ, ಬೆಳ್ಳಿಯದು ತೋರಿಸುತ್ತಾಳೆ. ಎರಡೂ ನನ್ನದಲ್ಲ ಅಂತಾನೆ. ಕೊನೆಗೆ ಮೂರೂ ಅವನಿಗೇ. ಕೆಳಗೆ ಪ್ರಶ್ನೆ: ದೇವತೆ ಮರ ಕಡಿಯುವವನಿಗೆ ಏನು ಬಹುಮಾನ ಕೊಟ್ಟಳು? ಎಂಟು ವರ್ಷದ ಮಗು ಇದರಿಂದ ಏನು ಕಲಿಯುತ್ತೆ ಹೇಳಿ. ನಿಜ ಹೇಳಿದರೆ ಚಿನ್ನ ಸಿಗುತ್ತೆ ಅಂತ. ಅದು ಪ್ರಾಮಾಣಿಕತೆಯ ಪಾಠ ಅಲ್ಲ ಸ್ವಾಮಿ, ಚೀಟಿ ವ್ಯವಹಾರದ ಪಾಠ. ಒಂದು ಹಾಕಿದರೆ ಮೂರು ಬರುತ್ತೆ. ಮಗು ಮುಂದೆ ಒಂದು ದಿನ ನಿಜ ಹೇಳಿ, ಚಿನ್ನ ಬರೋದಿರಲಿ ಇದ್ದ ಕಬ್ಬಿಣದ ಕೊಡಲಿಯೂ ಹೋದಾಗ, ಮೋಸ ಹೋದೆ ಅನ್ನಿಸದೆ ಇರುತ್ತಾ? ಚೀಟಿ ಎತ್ತಿಕೊಂಡು ಓಡಿಹೋದವನ ಮೇಲೆ ಬರುವ ಸಿಟ್ಟೇ ಆಗ ನೀತಿಯ ಮೇಲೂ ಬರುತ್ತೆ.

ಪುಣ್ಯಕೋಟಿಯ ಕಥೆಯನ್ನೂ ನಾವು ಹೀಗೇ ಕೆಡಿಸಿಕೊಂಡಿದ್ದೇವೆ. ಪಾಠದ ಕೊನೆಗೆ ಬರುವ ಪ್ರಶ್ನೆ ಹುಲಿಯದ್ದು. ಹುಲಿ ಏಕೆ ಪ್ರಾಣ ಬಿಟ್ಟಿತು? ಸತ್ಯಕ್ಕೆ ಸೋತು. ಬರೆದರೆ ಅಂಕ. ಆದರೆ ಆ ಕಥೆಯ ಜೀವ ಇರುವುದು ಹುಲಿಯ ಸಾವಿನಲ್ಲಿ ಅಲ್ಲ, ಅದಕ್ಕೂ ಮೊದಲು ದೊಡ್ಡಿಯಲ್ಲಿ. ಹಸು ಮನೆಗೆ ಬರುತ್ತೆ. ಕರುವಿಗೆ ಹಾಲು ಕೊಡುತ್ತೆ. ಅಕ್ಕತಂಗಿಯರ ಹತ್ತಿರ ಹೋಗಿ, ಇವನು ತಬ್ಬಲಿ, ನಿಮ್ಮ ಮಗ ಅಂದುಕೊಳ್ಳಿ, ಹಾಯಬೇಡಿ, ಒದೆಯಬೇಡಿ ಅಂತ ಬೇಡಿಕೊಳ್ಳುತ್ತೆ. ಸಾಯಲು ಹೊರಟವರು ಮಾಡುವ ಏರ್ಪಾಡು ಅದು. ಹುಲಿ ಮನಸ್ಸು ಬದಲಿಸುತ್ತೆ ಅಂತ ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಥೆಯೇ ಇಲ್ಲ. ಕೊಟ್ಟ ಮಾತಿಗೆ ಕರುವನ್ನೇ ಬೆಲೆಯಾಗಿ ಕೊಡಬೇಕು ಅಂತ ತಿಳಿದೂ ಅದು ಹೊರಟಿತು. ಕೊಡಬೇಕಾ, ಕರುವಿನ ಗತಿ ಏನು, ಹುಲಿಗೆ ಕೊಟ್ಟ ಮಾತು ದೊಡ್ಡದಾ ಮಗುವಿನ ಹೊಟ್ಟೆ ದೊಡ್ಡದಾ ಅಂತ ತರಗತಿಯಲ್ಲಿ ಮಕ್ಕಳು ಜಗಳ ಆಡಬಹುದಿತ್ತು. ಒಂದು ಇಡೀ ಪೀರಿಯಡ್ ಸಾಲುತ್ತಿರಲಿಲ್ಲ. ನಾವು ಅಲ್ಲಿ ನಿಲ್ಲದೆ ಸೀದಾ ಹುಲಿಯ ಹೆಣದ ಹತ್ತಿರ ಓಡಿಹೋದೆವು.

ಇನ್ನೊಂದು ಕೊಡಲಿ ಕಥೆ ಇದೆ, ಇಂಗ್ಲಿಷ್ ಮೀಡಿಯಮ್ ಶಾಲೆಗಳ ನೀತಿ ಪುಸ್ತಕಗಳಲ್ಲಿ ಜಾಸ್ತಿ. ಹುಡುಗ ಜಾರ್ಜ್ ವಾಷಿಂಗ್ಟನ್ ಅಪ್ಪನ ಚೆರ್ರಿ ಗಿಡಕ್ಕೆ ಕೊಡಲಿ ಹಾಕಿ, ಆಮೇಲೆ ನಾನೇ ಮಾಡಿದ್ದು ಅಂತ ಒಪ್ಪಿಕೊಂಡ ಕಥೆ. ಅದನ್ನು ಮೊದಲು ಬರೆದವನು ಮೇಸನ್ ವೀಮ್ಸ್ ಅನ್ನುವ ಪಾದ್ರಿ, ಪುಸ್ತಕ ಮಾರಿಕೊಂಡು ಊರೂರು ಸುತ್ತುತ್ತಿದ್ದವನು. 1806ರಲ್ಲಿ, ವಾಷಿಂಗ್ಟನ್ ಸತ್ತು ಕೆಲವು ವರ್ಷಗಳಾದ ಮೇಲೆ, ತನ್ನ ಪುಸ್ತಕದ ಹೊಸ ಮುದ್ರಣಕ್ಕೆ ಇದನ್ನು ಸೇರಿಸಿದ. ಇತಿಹಾಸಕಾರರು ಇದನ್ನು ಕಟ್ಟುಕಥೆ ಅಂತಲೇ ನೋಡುತ್ತಾರೆ. ಸುಳ್ಳು ಹೇಳಬಾರದು ಅಂತ ಜಗತ್ತಿನ ಮಕ್ಕಳಿಗೆ ಕಲಿಸುವ ಕಥೆಯೇ ಸುಳ್ಳು! ನಗು ಬರುತ್ತೆ ಅಲ್ವಾ?

ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು. 2014ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಕಾಂಗ್ ಲೀ ಮತ್ತು ಅವರ ಜೊತೆಯವರು 3ರಿಂದ 7 ವರ್ಷದ ಮಕ್ಕಳ ಮೇಲೆ ಒಂದು ಪರೀಕ್ಷೆ ಮಾಡಿ ಪ್ರಕಟಿಸಿದರು. ಬೆನ್ನ ಹಿಂದೆ ಆಟಿಕೆ ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ಕೋಣೆಯಿಂದ ಹೊರಗೆ ಹೋಗೋದು. ಬಂದು ಒಂದು ಕಥೆ ಓದೋದು. ಆಮೇಲೆ ನೋಡಿದೆಯಾ ಅಂತ ಕೇಳೋದು. ತೋಳ ಬಂತು ತೋಳ ಕಥೆ ಕೇಳಿದ ಮಕ್ಕಳು, ಸುಳ್ಳು ಹೇಳಿದರೆ ಮೂಗು ಉದ್ದವಾಗುವ ಹುಡುಗನ ಕಥೆ ಕೇಳಿದ ಮಕ್ಕಳು ಏನೂ ಬದಲಾಗಲಿಲ್ಲ. ವಾಷಿಂಗ್ಟನ್ ಕಥೆ ಕೇಳಿದವರಲ್ಲಿ ನಿಜ ಹೇಳಿದವರು ಹೆಚ್ಚು. ಅಪ್ಪ ಮಗನ ಮಾತು ಮೆಚ್ಚಿಕೊಳ್ಳುವ ಭಾಗವನ್ನು ಬದಲಿಸಿ ಕಥೆ ಹೇಳಿದಾಗ ಆ ಪರಿಣಾಮ ಉಳಿಯಲಿಲ್ಲ. ಹೆದರಿಸಿದರೆ ಕೆಲಸ ಆಗೋದಿಲ್ಲ, ಮೆಚ್ಚಿದರೆ ಆಗುತ್ತೆ.

ಇದು ನನ್ನ ಮಾತಿಗೆ ಎದುರಾಗಿದೆ ಅಂತ ನೀವು ಅನ್ನಬಹುದು. ಸ್ವಲ್ಪ ಎದುರೇ. ಪುಟ್ಟ ಮಕ್ಕಳಿಗೆ ಮೆಚ್ಚುಗೆ ಬೇಕು, ಒಪ್ಪಿದೆ. ಆದರೆ ಐದು ವರ್ಷದ ಮಗುವಿಗೆ ಹೇಳಿದ್ದನ್ನೇ ಹದಿನೈದು ವರ್ಷದವನಿಗೂ ಹೇಳುತ್ತೇವಲ್ಲ, ತೊಂದರೆ ಅಲ್ಲಿದೆ. ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೂ ಅದೇ ಚಿನ್ನದ ಕೊಡಲಿ.

ಹತ್ತನೇ ತರಗತಿ ಅಂದರೆ ನನ್ನ ಅಂಗಡಿಗೆ ಸುಗ್ಗಿ. ಹೋದ ವರ್ಷಗಳ ಪ್ರಶ್ನೆಪತ್ರಿಕೆ, ನೋಟ್ಸು, ಗೈಡಿನ ಹಾಳೆ. ಕನ್ನಡ ಪತ್ರಿಕೆಯಲ್ಲಿ ಒಂದು ಗಾದೆ ಕೊಟ್ಟು ವಿಸ್ತರಿಸಿ ಅಂತ ಕೇಳುತ್ತಾರೆ. ಎಲ್ಲ ಗೈಡಿನಲ್ಲೂ ಉತ್ತರ ಶುರುವಾಗೋದು ಒಂದೇ ಥರ: ಗಾದೆಗಳು ವೇದಗಳಿಗೆ ಸಮ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಆಮೇಲೆ ಕೈ ಕೆಸರಾದರೆ ಬಾಯಿ ಮೊಸರು. ಕಷ್ಟಪಟ್ಟರೆ ಸುಖ ಇದ್ದೇ ಇದೆ, ಇರುವೆ ನೋಡಿ, ಜೇನು ನೋಡಿ. ಬರೆಯುವ ಹುಡುಗನ ಅಪ್ಪ ಟೊಮ್ಯಾಟೊ ಬೆಳೆಯುತ್ತಾನೆ ಅಂದುಕೊಳ್ಳಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಅದೇ ಬಾಕ್ಸಿಗೆ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದಿದ್ದಾರೆ. ಎರಡೂ ವರ್ಷ ಕೈಗೆ ಅಂಟಿದ್ದು ಅದೇ ಕೆಸರು. ಮನೆಯಲ್ಲಿ ಇದನ್ನು ನೋಡಿದ ಹುಡುಗ ಪರೀಕ್ಷೆಯಲ್ಲಿ ಜೇನುನೊಣದ ಬಗ್ಗೆ ಬರೆದು ಬರುತ್ತಾನೆ. ಬರೆಯದಿದ್ದರೆ ಅಂಕ ಇಲ್ಲ. ನಂಬದೆ ಇರುವುದನ್ನು ನಂಬಿದವನ ಹಾಗೆ ಬರೆಯೋದು, ಅದು ಅವನು ಕಲಿತ ನೀತಿ.

ಇನ್ನು ಪರೀಕ್ಷೆ ಹತ್ತಿರ ಬಂದಾಗ ಬರುವ ಬೇರೆ ಗಿರಾಕಿಗಳು. ಗೈಡಿನ ಹಾಳೆಯನ್ನು ಬೆಂಕಿಪೊಟ್ಟಣದ ಅಳತೆಗೆ ಇಳಿಸಿ ಕೊಡಿ ಅನ್ನುತ್ತಾರೆ. ಮೈಕ್ರೋ ಜೆರಾಕ್ಸ್ ಅಂತ ಹೆಸರು. ಒಂದು ಸಲ ಹಾಗೆ ಇಳಿಸಲು ತಂದ ಹಾಳೆಯಲ್ಲಿ ಇದ್ದದ್ದು ಪ್ರಾಮಾಣಿಕತೆಯ ಮಹತ್ವ ಅನ್ನುವ ಪ್ರಬಂಧ. ಆಣೆ ಮಾಡಿ ಹೇಳುತ್ತೇನೆ, ಇದು ತಮಾಷೆಗೆ ಕಟ್ಟಿದ್ದಲ್ಲ. ತಂದದ್ದು ಹುಡುಗ ಅಲ್ಲ, ಹುಡುಗನ ಅಪ್ಪ. ಮಾಡೋದಿಲ್ಲ ಅಂದೆ. "ಒಳ್ಳೇವ್ರಾಗಿ ಏನ್ ಕಟ್ಕೊಂಡ್ ಹೋಗ್ತೀರಾ ಬಿಡಿ" ಅಂತ ಹೇಳಿ ಬೇರೆ ಅಂಗಡಿಗೆ ಹೋದರು. ಆಮೇಲೆ ಅವರು ನನ್ನ ಅಂಗಡಿಗೆ ಬಂದಿಲ್ಲ. ಅವರ ತಮ್ಮನ ಗೃಹಪ್ರವೇಶದ ಕಾರ್ಡಿನ ಕೆಲಸವೂ ಬೇರೆ ಕಡೆ ಹೋಯಿತು. ನನಗೆ ಯಾವ ದೇವತೆಯೂ ಕೊಡಲಿ ತಂದುಕೊಡಲಿಲ್ಲ.

ಪರೀಕ್ಷೆಯ ದಿನ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿ ಮುಚ್ಚಬೇಕು. ನಾವು ಮುಚ್ಚುತ್ತೇವೆ. ಹಾಗಂತ ಕಾಪಿ ನಿಂತಿತ್ತಾ? 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಿರಿ. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಂತು. ಅದೂ ಶೇ 20ರಷ್ಟು ಕೃಪಾಂಕ ಕೊಟ್ಟ ಮೇಲೆ. ಕೃಪಾಂಕ ತೆಗೆದ ಮೇಲೆ, 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಕೊರೊನಾ ಕಾಲದಲ್ಲಿ ಓದು ಕೆಟ್ಟ ಮಕ್ಕಳೂ ಇದರಲ್ಲಿದ್ದಾರೆ, ಇಳಿದದ್ದೆಲ್ಲ ಕಾಪಿಯ ಲೆಕ್ಕಕ್ಕೇ ಅಂತ ನಾನು ಹೇಳೋದಿಲ್ಲ. ಆದರೆ ಕ್ಯಾಮೆರಾ ಬಂದದ್ದೇ ಕಾರಣ ಅಂತ ಇಲಾಖೆಯವರೇ ಹೇಳಿದ್ದಿದೆ. ಅಂದರೆ ಅಷ್ಟು ವರ್ಷ ಏನು ನಡೆಯುತ್ತಿತ್ತು? ಮಕ್ಕಳೊಬ್ಬರೇ ಕಾಪಿ ಹೊಡೆಯೋಕೆ ಆಗುತ್ತಾ? ಕೋಣೆಯಲ್ಲಿ ಮೇಲ್ವಿಚಾರಕರು ಇರುತ್ತಾರೆ. ಶಾಲೆಯ ಫಲಿತಾಂಶ ಇಳಿದರೆ ನೋಟಿಸು, ಜಿಲ್ಲೆಯ ಸ್ಥಾನ ಇಳಿದರೆ ಸಭೆಯಲ್ಲಿ ಬೈಗುಳ. ನಮ್ಮ ಹಳ್ಳಿ ಮೇಷ್ಟ್ರ ಹಾಜರಿ ಪುಸ್ತಕವೇ ದೊಡ್ಡದಾಗಿ ಬೆಳೆದಿದೆ, ಅಷ್ಟೇ.

ಇದೇ ಮಕ್ಕಳು ಮುಂದೆ ಕೆಲಸದ ಪರೀಕ್ಷೆ ಬರೆಯುತ್ತಾರೆ. 2021ರ ಅಕ್ಟೋಬರ್‌ನಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗೆ ಪರೀಕ್ಷೆ ನಡೆಯಿತು, 50 ಸಾವಿರಕ್ಕೂ ಹೆಚ್ಚು ಜನ ಬರೆದರು. ಉತ್ತರ ಗುರುತು ಮಾಡುವ ಓಎಂಆರ್ ಹಾಳೆ ತಿದ್ದಿದ್ದು ಹೊರಬಿತ್ತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೆ ಒಳಗಾದರು. 2022ರ ಏಪ್ರಿಲ್‌ನಲ್ಲಿ ಇಡೀ ನೇಮಕಾತಿ ರದ್ದು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಓದಿ ಪಾಸಾದವರೂ ಅದರಲ್ಲಿ ಇದ್ದರು. ಅವರ ಅರ್ಜಿಗಳಲ್ಲಿ ಕೆಲವನ್ನು ತುಂಬಿದ್ದು ನಾನೇ. ಪರಿಶ್ರಮಕ್ಕೆ ಫಲ ಉಂಟು ಅಂತ ಅವರಿಗೆ ನಿಮ್ಮ ಪುಸ್ತಕ ಹೇಳಿತ್ತು. ಫಲ ತಪ್ಪಿದಾಗ ಹೇಗೆ ನಿಲ್ಲಬೇಕು, ಯಾರನ್ನು ಕೇಳಬೇಕು, ಎಲ್ಲಿ ದೂರು ಕೊಡಬೇಕು ಅಂತ ಒಂದು ಸಾಲೂ ಹೇಳಿರಲಿಲ್ಲ.

ಹಿರಿಯರ ಮಾತು ಮೀರಬಾರದು ಅನ್ನುವ ಪಾಠದ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟಿದೆ. ದೊಡ್ಡವರಿಗೆ ಎದುರು ಮಾತಾಡಬೇಡ. ಮಾತು ಬೆಳ್ಳಿ, ಮೌನ ಬಂಗಾರ. ಹೇಳಿದಷ್ಟು ಮಾಡು. ಮಕ್ಕಳು ಇದನ್ನು ಮಾತ್ರ ನಿಜವಾಗಿಯೂ ಪಾಲಿಸುತ್ತಾರೆ, ಯಾಕೆಂದರೆ ಇದಕ್ಕೆ ಬೆತ್ತ ಇದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ್ದು ಸುದ್ದಿಯಾಯಿತು. ದೊಡ್ಡವರನ್ನೂ ಆ ಕೆಲಸಕ್ಕೆ ಇಳಿಸಬಾರದು ಅಂತ 2013ರಲ್ಲೇ ಕಾನೂನು ಇದೆ. ಆ ಮಕ್ಕಳಿಗೆ ಕಾನೂನು ಗೊತ್ತಿರಲಿಕ್ಕಿಲ್ಲ. ಶಿಕ್ಷಕರ ಮಾತು ಕೇಳಬೇಕು ಅನ್ನೋದು ಗೊತ್ತಿತ್ತು. ಇಳಿ ಅಂದರು, ಇಳಿದರು. ಆಮೇಲೆ ಕೇಸಾಯಿತು, ಅಮಾನತು ಆಯಿತು. ಗುಂಡಿಯ ಬಾಯಲ್ಲಿ ನಿಂತ ಹುಡುಗ "ಇಳಿಯೋದಿಲ್ಲ ಸಾರ್" ಅನ್ನುವ ಹಾಗೆ ಒಂದಾದರೂ ಪಾಠ ನಾವು ಬರೆದಿದ್ದೇವಾ?

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವೂ ಹೀಗೇ. 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಶಾಲೆಗಳ ಗೋಡೆ ಮೇಲೆ ಮಕ್ಕಳ ಸಹಾಯವಾಣಿ 1098 ಬರೆಸಿದ್ದೀರಿ, ಒಳ್ಳೆಯದು. ಆದರೆ ಅದೇ ಗೋಡೆಯ ಇನ್ನೊಂದು ತುದಿಯಲ್ಲಿ ಮೌನ ಬಂಗಾರ ಅಂತಲೂ ಬರೆದಿರುತ್ತೆ. ಒಂಬತ್ತು ವರ್ಷದ ಹುಡುಗಿ ಯಾವುದನ್ನು ನಂಬಬೇಕು? ತೊಂದರೆ ಕೊಡುವವನು ಎಷ್ಟೋ ಸಲ ಗುರುತಿನವನೇ, ಮನೆಗೆ ಬಂದುಹೋಗುವ ಮಾವನೋ ಚಿಕ್ಕಪ್ಪನೋ ಆಗಿರುತ್ತಾನೆ. ಹಿರಿಯರು ಹೇಳಿದರೆ ಇಲ್ಲ ಅನ್ನಬಾರದು ಅಂತ ಒಂದನೇ ತರಗತಿಯಿಂದ ತಿದ್ದಿ ತೀಡಿ, ಆರನೇ ತರಗತಿಯಲ್ಲಿ ಒಂದು ಗಂಟೆ ಕಾರ್ಯಕ್ರಮ ಮಾಡಿ ಇಲ್ಲ ಅನ್ನು ಅಂದರೆ ಆ ಮಗುವಿನ ಬಾಯಿಗೆ ಬರುತ್ತಾ?

ಈಗ ನಿಮ್ಮ ಪುಸ್ತಕದಲ್ಲಿ ಇರಬೇಕಾದ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಮಂಜುನಾಥ್ ಷಣ್ಮುಗಂ. ಕೆಜಿಎಫ್‌ನ ಹುಡುಗ. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ. ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್ ಆಗಿ ಉತ್ತರ ಪ್ರದೇಶದ ಲಖೀಂಪುರ ಖೀರಿ ಕಡೆ ಕೆಲಸ. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದರು. ಮತ್ತೆ ತೆರೆದ ಮೇಲೆ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಹುಲಿ ಮನಸ್ಸು ಬದಲಿಸಲಿಲ್ಲ. ಕೊಂದವರಿಗೆ ಶಿಕ್ಷೆಯಾಯಿತು, ಅದು ಕೂಡ ಅವರ ಜೊತೆ ಓದಿದವರು, ಗುರುತೇ ಇಲ್ಲದವರು ಸೇರಿ ಬೆನ್ನು ಹತ್ತಿದ್ದರಿಂದ.

ಇಂಥ ಸಾವುಗಳು ಆದ ಮೇಲೆ ಕಾನೂನು ಬೇಕು ಅಂತ ಕೂಗೆದ್ದಿತು. ಭ್ರಷ್ಟಾಚಾರ ಬಯಲು ಮಾಡುವವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಪಾಸು ಮಾಡಿತು. ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹತ್ತು ವರ್ಷ ದಾಟಿದರೂ ಅದು ಜಾರಿಗೆ ಬಂದಿಲ್ಲ. ಸತ್ಯ ಹೇಳು ಅಂತ ಮಕ್ಕಳಿಗೆ ಪುಸ್ತಕ ಹಂಚುವ ಸರ್ಕಾರಗಳು, ಸತ್ಯ ಹೇಳಿದವನನ್ನು ಕಾಯುವ ಕಾನೂನಿಗೆ ಒಂದು ಅಧಿಸೂಚನೆ ಹೊರಡಿಸಿಲ್ಲ. ಇದನ್ನು ಎಂಟನೇ ತರಗತಿ ಮಕ್ಕಳಿಗೆ ಹೇಳಿದರೆ ಅವರು ನಿರಾಶರಾಗುತ್ತಾರೆ ಅಂತೀರಾ? ನನಗೆ ಹಾಗೆ ಅನ್ನಿಸೋದಿಲ್ಲ. ನಾವು ನಿರಾಶರಾಗಿದ್ದು ಯಾರೂ ಹೇಳದೆ ಇದ್ದದ್ದರಿಂದ. ಒಳ್ಳೆಯತನಕ್ಕೆ ಖರ್ಚಿದೆ ಅಂತ ಮೊದಲೇ ಗೊತ್ತಿದ್ದವನು ಖರ್ಚು ಬಂದಾಗ ಬೆಚ್ಚಿಬೀಳೋದಿಲ್ಲ. ಮಂಜುನಾಥ್ ಅವರಿಗೆ ಬೆದರಿಕೆ ಇತ್ತು ಅಂತ ಆಗ ಪತ್ರಿಕೆಗಳು ಬರೆದಿದ್ದವು. ಆದರೂ ಅವರು ಹೋದರು. ಅವರನ್ನು ನಡೆಸಿದ್ದು ಚಿನ್ನದ ಕೊಡಲಿಯ ಆಸೆಯಂತೂ ಅಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಬರೆಯುವ ಕಥೆಗಳ ಕೊನೆಯಿಂದ ಬಹುಮಾನ ತೆಗೆಯಿರಿ. ಚಿಕ್ಕ ಮಕ್ಕಳಿಗೆ ಇರಲಿ, ಐದನೇ ತರಗತಿ ದಾಟಿದವರಿಗೆ ಬೇಡ. ನಿಜ ಹೇಳಿದವನಿಗೆ ಕೊನೆಗೆ ಏನೂ ಸಿಗಲಿಲ್ಲ ಅಂತ ಮುಗಿಯುವ ಕಥೆ ಕೊಟ್ಟು, ಆದರೂ ಅವನು ಮಾಡಿದ್ದು ಸರಿಯಾ ಅಂತ ಕೇಳಿ. ಮಕ್ಕಳು ಅಲ್ಲ ಅಂದರೂ ಬರೆದುಕೊಳ್ಳಿ, ಬೈಯಬೇಡಿ. ಇದಕ್ಕೆ ಅಂಕ ಮಾತ್ರ ಇಡಲೇಬೇಡಿ. ಅಂಕ ಇಟ್ಟ ದಿನವೇ ಗೈಡು ಬರುತ್ತೆ, ಗೈಡು ಬಂದ ಮಾರನೇ ದಿನ ಅದು ಬೆಂಕಿಪೊಟ್ಟಣದ ಅಳತೆಗೆ ಇಳಿಯಲು ಯಾವುದಾದರೂ ಜೆರಾಕ್ಸ್ ಅಂಗಡಿಗೆ ಬರುತ್ತೆ.

ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ನಡೆಯುತ್ತೆ. ಶಾಲೆಗೆ ಶೌಚಾಲಯ ಇಲ್ಲ, ಬಸ್ಸು ನಿಲ್ಲಿಸೋದಿಲ್ಲ, ದಾರಿಯಲ್ಲಿ ಹೆಂಡದಂಗಡಿ ಇದೆ ಅಂತ ಮಕ್ಕಳು ಎದ್ದು ನಿಂತು ಕೇಳುತ್ತಾರೆ. ನಮ್ಮ ಕಡೆಯ ಒಂದು ಪಂಚಾಯಿತಿಯವರು ಅದರ ನಡಾವಳಿ ಟೈಪ್ ಮಾಡಿಸಲು ನನ್ನ ಹತ್ತಿರ ಬಂದಿದ್ದರು. ಒಂದು ಹುಡುಗಿ ಕೇಳಿದ ಪ್ರಶ್ನೆ ಅದರಲ್ಲಿತ್ತು. ಹೋದ ವರ್ಷ ಇದೇ ಸಭೆಯಲ್ಲಿ ನೀರಿನ ಟ್ಯಾಂಕ್ ತೊಳೆಸುತ್ತೇವೆ ಅಂದಿದ್ದಿರಿ, ತೊಳೆಸಿದ್ದೀರಾ? ಉತ್ತರದ ಜಾಗದಲ್ಲಿ 'ಕ್ರಮ ಕೈಗೊಳ್ಳಲಾಗುವುದು' ಅಂತ ಹಾಕಿ ಅಂದರು. ಹೋದ ವರ್ಷವೂ ಅದೇ ಸಾಲು ಇತ್ತು, ನನ್ನ ಕಂಪ್ಯೂಟರಿನಲ್ಲೇ ಇತ್ತು. ನಿಮ್ಮ ನೀತಿ ಪೀರಿಯಡ್ಡಿನಲ್ಲಿ ಆ ನಡಾವಳಿ ಇಟ್ಟುಕೊಂಡು ಕೂರಿಸಿ. ದೊಡ್ಡವರು ಏನು ಮಾತು ಕೊಟ್ಟರು, ಎಷ್ಟು ಉಳಿಸಿಕೊಂಡರು ಅಂತ ಮಕ್ಕಳೇ ಲೆಕ್ಕ ಹಾಕಲಿ. ಪಂಚಾಯಿತಿ ಅಧ್ಯಕ್ಷರಿಗೆ ಸಿಟ್ಟು ಬರುತ್ತೆ, ಬಿಇಒ ಕಚೇರಿಗೆ ಫೋನ್ ಹೋಗುತ್ತೆ. ಆಗ ಆ ಶಿಕ್ಷಕರ ಬೆನ್ನಿಗೆ ಇಲಾಖೆ ನಿಲ್ಲುತ್ತೆ ಅಂತ ಒಂದು ಸುತ್ತೋಲೆ ಪುಸ್ತಕದ ಜೊತೆಗೇ ಬರಲಿ. ಅದು ಬರೋದಿಲ್ಲ ಅಂದರೆ ಪುಸ್ತಕವೂ ಬೇಡ ಅನ್ನೋದು ನನ್ನ ಅಭಿಪ್ರಾಯ.

ಕರಡು ಸಿದ್ಧವಾದಾಗ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ, ಆಕ್ಷೇಪಣೆಗೆ ಕನಿಷ್ಠ ಒಂದು ತಿಂಗಳು ಕೊಡಿ. ಬರೀ ಇಂಗ್ಲಿಷಿನಲ್ಲಿ ಹಾಕಿ ಒಂದು ವಾರದಲ್ಲಿ ತೆಗೆಯಬೇಡಿ. ಹಾಕಿದ ದಿನವೇ ನಾನು ಪ್ರಿಂಟ್ ತೆಗೆದು ನಮ್ಮ ತಾಲ್ಲೂಕಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರಿಗೆ, ಶಿಕ್ಷಕರಿಗೆ, ಕೇಳಿದ ಪೋಷಕರಿಗೆ ಹಂಚುತ್ತೇನೆ. ನಮ್ಮಲ್ಲಿ ಹಾಳೆಗೆ ಎರಡು ರೂಪಾಯಿ. ಇದಕ್ಕೆ ತಗೊಳ್ಳೋದಿಲ್ಲ. ಅವರು ಬರೆದುಕೊಟ್ಟದ್ದನ್ನು ಟೈಪ್ ಮಾಡಿ, ಒಂದು ಅಕ್ಷರ ಬಿಡದೆ ನಿಮಗೆ ಕಳಿಸುತ್ತೇನೆ.

ಇಂತಿ,
ತಾಲ್ಲೂಕು ಕಚೇರಿ ರಸ್ತೆಯ ಜೆರಾಕ್ಸ್ ಅಂಗಡಿಯವನು
ತುಮಕೂರು ಜಿಲ್ಲೆ